ಎಂಜಿನ್ ನಿಂತರೂ ತಿರುಗುವ ರೆಕ್ಕೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)



ಪ್ರತಿ ವರ್ಷ ಈ ವೇದಿಕೆಯಲ್ಲಿ ಭಾಷೆಯ ಬಗ್ಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕೇಳುತ್ತಾರೆ. ಉರ್ದು ಮತ್ತು ಕನ್ನಡ ಕಲಿಸುವವನಿಂದ ಇನ್ನೇನನ್ನು ಕೇಳಲು ಸಾಧ್ಯ? ಈ ಸಲ ಹಾರಾಟದ ಬಗ್ಗೆ ಮಾತನಾಡುತ್ತೇನೆ ಎಂದಾಗ ನಮ್ಮ ಕಾರ್ಯದರ್ಶಿಗಳು ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. "ಮೇಷ್ಟ್ರೇ, ಅದು ಸೈನ್ಸ್ ಟೀಚರ್ ಕೆಲಸ ಅಲ್ಲವಾ?" ಎಂದರು. ಆದರೆ ಈ ಮಾತು ಹುಟ್ಟಿದ್ದು ನನ್ನ ತರಗತಿಯಲ್ಲಿಯೇ. ಅದಕ್ಕೆ ಉತ್ತರ ಕೊಡಬೇಕಾದವನೂ ನಾನೇ.

ನಮ್ಮ ದೇವನಹಳ್ಳಿಯ ವಿಷಯ ನಿಮಗೆ ಗೊತ್ತೇ ಇದೆ. ಒಂದು ಕಾಲಕ್ಕೆ ಈ ಊರಿನ ಹೆಸರು ಹೇಳಿದರೆ ಕೋಟೆ ಮತ್ತು ಚಕ್ಕೋತ ನೆನಪಿಗೆ ಬರುತ್ತಿದ್ದವು. 2008ರ ಮೇ 24ರಂದು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಎಲ್ಲರಿಗೂ ವಿಮಾನವೇ ನೆನಪಾಗುತ್ತದೆ. ಸುಮಾರು ನಾಲ್ಕು ಸಾವಿರ ಎಕರೆ ಭೂಮಿ ಅದಕ್ಕೆ ಹೋಯಿತು. ಇಂದು ನಾನು ಪದ್ಯ ಓದುವಾಗ ಮೇಲೆ ವಿಮಾನ ಹೋದರೆ ಸಾಲಿನ ನಡುವೆ ನಿಲ್ಲಿಸಿ, ಅದು ಹೋದ ಮೇಲೆ ಮುಂದುವರಿಸುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಕಳೆದ ವರ್ಷ ಒಂಬತ್ತನೆಯ ತರಗತಿಯಲ್ಲಿ ಹಾಗೆಯೇ ನಿಲ್ಲಿಸಿದ್ದಾಗ ಸುಮ್ಮನೆ ಕೇಳಿದೆ: "ನಿಮ್ಮಲ್ಲಿ ವಿಮಾನದಲ್ಲಿ ಕುಳಿತವರು ಎಷ್ಟು ಜನ?" ನಲವತ್ತೆರಡು ಮಕ್ಕಳಲ್ಲಿ ಎರಡು ಕೈಗಳು ಮೇಲೆದ್ದವು. ಒಬ್ಬ ಹುಡುಗನ ಅಬ್ಬಾ ನಿಲ್ದಾಣದ ಟ್ಯಾಕ್ಸಿ ಓಡಿಸುತ್ತಾರೆ. ಇನ್ನೊಬ್ಬಳ ಅಮ್ಮಿ ಅಲ್ಲಿ ಸ್ವಚ್ಛತೆಯ ಕೆಲಸ ಮಾಡುತ್ತಾರೆ. ಅವರ ಮಕ್ಕಳ ಕೈಗಳು ಮೇಲೇಳಲಿಲ್ಲ. ಆಗ ಹಿಂದಿನ ಬೆಂಚಿನಿಂದ ಒಂದು ಧ್ವನಿ: "ಸರ್, ನೀವು?" ನಾನು ಉತ್ತರ ಹೇಳಲಿಲ್ಲ, ಪದ್ಯ ಮುಂದುವರಿಸಿದೆ. ಆ ಉತ್ತರವನ್ನು ಇವತ್ತು ಹೇಳುತ್ತೇನೆ.

ಅದಕ್ಕೂ ಮುಂಚೆ ಮರವಂತೆಗೆ ಹೋಗೋಣ. ಜನವರಿಯಲ್ಲಿ ನಮ್ಮ ಮಕ್ಕಳನ್ನು ಉಡುಪಿ ಕಡೆಗೆ ಶೈಕ್ಷಣಿಕ ಪ್ರವಾಸಕ್ಕೆ ಕರೆದೊಯ್ದಿದ್ದೆವು. ಕುಂದಾಪುರದಿಂದ ಬೈಂದೂರಿನ ಕಡೆಗೆ ಹೋಗುವಾಗ ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ನಡುವೆ ರಸ್ತೆ ಮಾತ್ರ. ಬಹಳ ಮಕ್ಕಳು ಸಮುದ್ರ ನೋಡಿದ್ದು ಅದೇ ಮೊದಲು. ಎಲ್ಲರೂ ಅಲೆಗಳ ಕಡೆ ಓಡಿದರು. ಒಬ್ಬ ಹುಡುಗಿ ಮಾತ್ರ ರಸ್ತೆಯ ಬದಿಯಲ್ಲಿ ನಿಂತು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ನೋಡುತ್ತಿದ್ದಳು. ಅವಳ ಹೆಸರು ಹೇಳುವುದಿಲ್ಲ, ಇಲ್ಲಿಯೇ ಕುಳಿತಿದ್ದಾಳೆ.

"ಸರ್, ನದಿ ಸಮುದ್ರಕ್ಕೆ ಇಷ್ಟು ಹತ್ತಿರ ಬಂದೂ ಯಾಕೆ ಒಳಗೆ ಹೋಗಿಲ್ಲ?" ಎಂದು ಕೇಳಿದಳು.

ನೆಲದ ಮೇಲೆ ನಿಂತು ಅದನ್ನು ತೋರಿಸುವುದು ಕಷ್ಟ. ಆ ನದಿ ಅಲ್ಲಿ ಸಮುದ್ರದ ಮಗ್ಗುಲಿಗೆ ಬಂದು, ಮರಳಿನ ದಿಬ್ಬವನ್ನು ದಾಟದೆ ತಿರುಗಿ, ದಕ್ಷಿಣಕ್ಕೆ ಹರಿದು ಗಂಗೊಳ್ಳಿಯ ಹತ್ತಿರ ಇತರ ನಾಲ್ಕು ನದಿಗಳ ಜೊತೆ ಕೂಡಿಕೊಂಡು ಕಡಲು ಸೇರುತ್ತದೆ. ಅದಕ್ಕೇ ಆ ಅಳಿವೆಗೆ ಪಂಚಗಂಗಾವಳಿ ಎಂಬ ಹೆಸರು. ಮೊಬೈಲಿನಲ್ಲಿ ನಕ್ಷೆ ತೆಗೆದು ತೋರಿಸಿದೆ. ಅವಳು ನಕ್ಷೆ ನೋಡಿದಳು, ಆಮೇಲೆ ಮೇಲೆ ನೋಡಿದಳು. ಕಡಲಗಾಳಿಯಲ್ಲಿ ಎರಡು ಗರುಡಗಳು ರೆಕ್ಕೆ ಬಡಿಯದೆ ತೇಲುತ್ತಿದ್ದವು. "ಅವಕ್ಕೆ ಇದೆಲ್ಲಾ ಒಂದೇ ಸಲ ಕಾಣುತ್ತೆ ಅಲ್ವಾ ಸರ್? ಮನುಷ್ಯರು ಹಾಗೆ ನೋಡೋಕೆ ಆಗಲ್ವಾ? ಕಿಟಕಿ ಇಲ್ಲದೆ?"

ಆಗುತ್ತದೆ. ಜಗತ್ತಿನ ಹಲವು ಕಡಲತೀರಗಳಲ್ಲಿ ಜನ ಹಾಗೆ ನೋಡುತ್ತಾರೆ. ಆ ವಾಹನದ ಹೆಸರು ಗೈರೋಪ್ಲೇನ್, ಆಟೋಗೈರೋ ಎಂದೂ ಕರೆಯುತ್ತಾರೆ. ಮೋಟಾರು ಸೈಕಲ್ಲಿನಷ್ಟೇ ಬಯಲಾದ ಎರಡು ಆಸನಗಳು, ಒಂದರ ಹಿಂದೆ ಒಂದು. ಮುಂದೆ ಸಣ್ಣ ಗಾಜಿನ ಮರೆ. ಬೆನ್ನ ಹಿಂದೆ ಎಂಜಿನ್ ಮತ್ತು ತಳ್ಳುವ ಪ್ರೊಪೆಲ್ಲರ್. ತಲೆಯ ಮೇಲೆ ಹೆಲಿಕಾಪ್ಟರಿನಂತೆ ತಿರುಗುವ ಉದ್ದನೆಯ ರೆಕ್ಕೆ. ಚಾಲಕ ಮುಂದೆ, ಪ್ರಯಾಣಿಕ ಹಿಂದೆ. ಗಾಳಿ ನೇರವಾಗಿ ಎದೆಗೆ ಬಡಿಯುತ್ತದೆ, ಕಾಲ ಪಕ್ಕದಲ್ಲೇ ಕೆಳಗಿನ ನೆಲ ಕಾಣುತ್ತದೆ. ನಮ್ಮ ದೇಶದಲ್ಲಿಯೂ ಇದು ಬಂದಿದೆ. 2023ರ ಡಿಸೆಂಬರಿನಲ್ಲಿ ಉತ್ತರಾಖಂಡದ ಪ್ರವಾಸೋದ್ಯಮ ಇಲಾಖೆಯವರು ಹರಿದ್ವಾರದಲ್ಲಿ ಗೈರೋಪ್ಲೇನ್ ಹಾರಾಟಕ್ಕೆ ಚಾಲನೆ ಕೊಟ್ಟರು.

ನೋಡಲು ಹೆಲಿಕಾಪ್ಟರಿನಂತಿದ್ದರೂ ಅದು ಹೆಲಿಕಾಪ್ಟರ್ ಅಲ್ಲ. ಹೆಲಿಕಾಪ್ಟರಿನಲ್ಲಿ ಮೇಲಿನ ರೆಕ್ಕೆಯನ್ನು ಎಂಜಿನ್ ತಿರುಗಿಸುತ್ತದೆ. ಗೈರೋಪ್ಲೇನಿನಲ್ಲಿ ಎಂಜಿನ್ ಬರೀ ಮುಂದಕ್ಕೆ ತಳ್ಳುತ್ತದೆ. ಹಾರುವಾಗ ಮೇಲಿನ ರೆಕ್ಕೆಯನ್ನು ತಿರುಗಿಸುವುದು ಗಾಳಿ.

ಇದನ್ನು ತರಗತಿಯಲ್ಲಿ ಹೇಳಿದಾಗ ಯಾರೂ ನಂಬಲಿಲ್ಲ. ಅದಕ್ಕೆ ಮಹಾಗನಿ ಮರದ ಬೀಜ ತಂದೆ. ಬೆಂಗಳೂರಿನ ರಸ್ತೆಬದಿಯಲ್ಲಿ ಈ ಮರಗಳು ಬಹಳ ಇವೆ. ಕಾಯಿ ಒಡೆದರೆ ಒಂದೇ ರೆಕ್ಕೆಯ ಕಂದು ಬೀಜಗಳು ಉದುರುತ್ತವೆ. ಕುರ್ಚಿಯ ಮೇಲೆ ನಿಂತು ಬಿಟ್ಟೆ. ಬೀಜ ಮೊದಲು ಒಂದು ಗೇಣು ಕಲ್ಲಿನ ಹಾಗೆ ಬಿತ್ತು, ಆಮೇಲೆ ಗಿರಗಿರನೆ ತಿರುಗುತ್ತಾ ನಿಧಾನವಾಗಿ ಇಳಿಯಿತು. ಅದನ್ನು ತಿರುಗಿಸಿದವರು ಯಾರು? ಬೀಳುವಾಗ ಕೆಳಗಿನಿಂದ ಬಂದ ಗಾಳಿ. ಬೀಳುವುದೇ ಅದನ್ನು ತಿರುಗಿಸುತ್ತದೆ, ತಿರುಗುವುದೇ ಅದರ ಬೀಳುವಿಕೆಯನ್ನು ತಡೆಯುತ್ತದೆ. ಗೈರೋಪ್ಲೇನಿನ ರೆಕ್ಕೆಯೂ ಹೀಗೆಯೇ. ಅದನ್ನು ಸ್ವಲ್ಪ ಹಿಂದಕ್ಕೆ ವಾಲಿಸಿರುತ್ತಾರೆ. ಮುಂದೆ ಸಾಗುವಾಗ ಗಾಳಿ ಕೆಳಗಿನಿಂದ ನುಗ್ಗಿ ರೆಕ್ಕೆಯನ್ನು ತಿರುಗಿಸುತ್ತಲೇ ಇರುತ್ತದೆ. ಆದ್ದರಿಂದ ಎಂಜಿನ್ ಕೆಟ್ಟು ನಿಂತರೂ ರೆಕ್ಕೆ ನಿಲ್ಲುವುದಿಲ್ಲ. ವಾಹನ ಮಹಾಗನಿ ಬೀಜದಂತೆ ಇಳಿಯುತ್ತದೆ. ಚಾಲಕ ಸಣ್ಣದೊಂದು ಬಯಲು ಹುಡುಕಿಕೊಂಡರೆ ಸಾಕು, ಕೆಲವೇ ಮೀಟರುಗಳಲ್ಲಿ ನಿಲ್ಲಿಸಬಹುದು.

ಇದನ್ನು ಕಂಡುಹಿಡಿದವರು ಸ್ಪೇನ್ ದೇಶದ ಹುವಾನ್ ದೆ ಲಾ ಸಿಯೆರ್ವಾ. ಮುರ್ಸಿಯಾ ಊರಿನವರು. ಈ ಸ್ಪೇನ್ ಎಂಬ ನೆಲಕ್ಕೂ ಹಾರಾಟಕ್ಕೂ ಬಹಳ ಹಳೆಯ ನಂಟಿದೆ. ಒಂಬತ್ತನೆಯ ಶತಮಾನದಲ್ಲಿ ಅದೇ ನೆಲದ ಕುರ್ತುಬಾದಲ್ಲಿ, ಎಂದರೆ ಕಾರ್ಡೋಬಾದಲ್ಲಿ, ಅಬ್ಬಾಸ್ ಇಬ್ನ್ ಫಿರ್ನಾಸ್ ಎಂಬ ವಿದ್ವಾಂಸರಿದ್ದರು. ಅವರು ಗರಿಗಳನ್ನು ಹೊದ್ದು ರೆಕ್ಕೆ ಕಟ್ಟಿಕೊಂಡು ಎತ್ತರದಿಂದ ಹಾರಿ, ಸ್ವಲ್ಪ ದೂರ ತೇಲಿ, ಇಳಿಯುವಾಗ ಬೆನ್ನಿಗೆ ಪೆಟ್ಟು ಮಾಡಿಕೊಂಡರೆಂದು ಬಹಳ ಕಾಲದ ನಂತರ ಅಲ್ ಮಕ್ಕರಿ ಎಂಬ ಇತಿಹಾಸಕಾರರು ಬರೆದಿಟ್ಟಿದ್ದಾರೆ. ಹಕ್ಕಿ ಇಳಿಯುವಾಗ ಬಾಲವನ್ನು ಬಳಸುತ್ತದೆ, ಇವರು ಬಾಲ ಮಾಡಿಕೊಂಡಿರಲಿಲ್ಲ ಎಂಬ ಮಾತೂ ಆ ಬರಹದಲ್ಲಿದೆ. ಚಂದ್ರನ ಮೇಲಿನ ಒಂದು ಕುಳಿಗೆ ಇಂದು ಅವರ ಹೆಸರಿದೆ. ನನಗೆ ಇಷ್ಟವಾಗುವುದು ಆ ಬಾಲದ ಮಾತು. ಬಿದ್ದವನನ್ನು ನೋಡಿ ನಗುವುದು ಸುಲಭ. ಯಾಕೆ ಬಿದ್ದ ಎಂದು ಬರೆದಿಟ್ಟರೆ ಮುಂದಿನವನಿಗೆ ಪಾಠವಾಗುತ್ತದೆ.

ಸಿಯೆರ್ವಾ ಕೂಡ ಬೀಳುವಿಕೆಯಿಂದಲೇ ಆರಂಭಿಸಿದರು. 1919ರಲ್ಲಿ ಅವರು ತಯಾರಿಸಿದ ಮೂರು ಎಂಜಿನಿನ ದೊಡ್ಡ ವಿಮಾನ ನೆಲದ ಹತ್ತಿರ ವೇಗ ಕಳೆದುಕೊಂಡು ಬಿದ್ದಿತು. ವಿಮಾನದ ರೆಕ್ಕೆಗೆ ವೇಗವೇ ಜೀವ, ವೇಗ ತಗ್ಗಿದರೆ ಎತ್ತುವ ಶಕ್ತಿ ಹೋಗುತ್ತದೆ. ಹಾಗಾದರೆ ವಿಮಾನ ನಿಧಾನವಾದರೂ ರೆಕ್ಕೆ ಮಾತ್ರ ವೇಗವಾಗಿ ಚಲಿಸುತ್ತಿದ್ದರೆ ಹೇಗೆ ಎಂದು ಅವರು ಯೋಚಿಸಿದರು. ಅದರಿಂದ ಹುಟ್ಟಿದ್ದು ತಿರುಗುವ ರೆಕ್ಕೆ.

ಆದರೆ ಅವರ ಮೊದಲ ಯಂತ್ರಗಳು ಏಳುವ ಮೊದಲೇ ಒಂದು ಬದಿಗೆ ಮಗುಚಿದವು. ಕಾರಣ ಕೇಳಿ. ರೆಕ್ಕೆ ತಿರುಗುವಾಗ ಒಂದು ಬದಿಯ ಅಲಗು ಎದುರುಗಾಳಿಗೆ ಮುಖಮಾಡಿ ಮುಂದೆ ಬರುತ್ತದೆ, ಇನ್ನೊಂದು ಬದಿಯದು ಗಾಳಿಯ ಜೊತೆ ಹಿಂದೆ ಹೋಗುತ್ತದೆ. ಮುಂದೆ ಬರುವುದಕ್ಕೆ ಎತ್ತುವ ಶಕ್ತಿ ಹೆಚ್ಚು, ಹಿಂದೆ ಹೋಗುವುದಕ್ಕೆ ಕಡಿಮೆ. ತಕ್ಕಡಿಯ ಒಂದು ತಟ್ಟೆ ಮೇಲೆದ್ದಂತೆ ಯಂತ್ರ ವಾಲುತ್ತಿತ್ತು. ಸಿಯೆರ್ವಾ ರೆಕ್ಕೆಯನ್ನು ಇನ್ನಷ್ಟು ಬಿಗಿ ಮಾಡಲಿಲ್ಲ. ಅಲಗಿನ ಬುಡಕ್ಕೆ ಬಾಗಿಲಿನ ಕೀಲಿನಂಥ ಕೀಲು ಹಾಕಿದರು. ಹೆಚ್ಚು ಶಕ್ತಿ ಬಂದ ಅಲಗು ತಾನೇ ಸ್ವಲ್ಪ ಮೇಲೇಳುತ್ತದೆ, ಕಡಿಮೆ ಬಂದದ್ದು ತಗ್ಗುತ್ತದೆ, ಎರಡೂ ಬದಿ ಸಮನಾಗುತ್ತವೆ. 1923ರ ಜನವರಿಯಲ್ಲಿ ಆ ಯಂತ್ರ ಹಾರಿತು. 1928ರ ಸೆಪ್ಟೆಂಬರಿನಲ್ಲಿ ಸಿಯೆರ್ವಾ ಸ್ವತಃ ಅಂಥದೇ ಯಂತ್ರದಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿ ಫ್ರಾನ್ಸಿಗೆ ಹೋದರು. ಮುಂದೆ ಹೆಲಿಕಾಪ್ಟರುಗಳಿಗೂ ಈ ಕೀಲು ದಾರಿ ಮಾಡಿಕೊಟ್ಟಿತು. 1950ರ ದಶಕದಲ್ಲಿ ಅಮೆರಿಕದ ಇಗೊರ್ ಬೆನ್ಸೆನ್ ಮನೆಯಲ್ಲಿಯೇ ಜೋಡಿಸಿಕೊಳ್ಳಬಹುದಾದ ಪುಟ್ಟ ಬಯಲು ಗೈರೋಪ್ಲೇನ್ ಮಾಡಿದ ಮೇಲೆ ಅದು ಸಾಮಾನ್ಯ ಜನರ ಕೈಗೆ ಬಂತು. ಸಿಯೆರ್ವಾ ಮಾತ್ರ 1936ರ ಡಿಸೆಂಬರಿನಲ್ಲಿ, ಲಂಡನ್ನಿನ ಕ್ರಾಯ್ಡನ್ನಿನಲ್ಲಿ, ಮಾಮೂಲಿ ವಿಮಾನವೊಂದರಲ್ಲಿ ಪ್ರಯಾಣಿಕರಾಗಿದ್ದಾಗ ಅಪಘಾತದಲ್ಲಿ ತೀರಿಕೊಂಡರು.

ಹಾಗೆಂದು ಗೈರೋಪ್ಲೇನಿಗೆ ಅಪಾಯವೇ ಇಲ್ಲ ಎಂದು ಹೇಳಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಅದರ ಜೀವ ಇರುವುದು ರೆಕ್ಕೆಯ ಮೂಲಕ ಹಾಯುವ ಗಾಳಿಯಲ್ಲಿ. ತರಬೇತಿ ಇಲ್ಲದವನು ಹಾರುವಾಗ ಮೂತಿಯನ್ನು ಥಟ್ಟನೆ ಕೆಳಗೆ ತಳ್ಳಿದರೆ ರೆಕ್ಕೆಯ ಮೇಲಿನ ಭಾರ ಕಳಚುತ್ತದೆ, ರೆಕ್ಕೆ ನಿಧಾನವಾಗುತ್ತದೆ, ಆಮೇಲೆ ಎಂಜಿನ್ ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಬಹಳ ಜನ ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ. ಕಡಲ ಮೇಲೆ ಹಾರುವ ವಿವೇಕಿ ಚಾಲಕ ಎಂಜಿನ್ ನಿಂತರೆ ದಡ ಮುಟ್ಟುವಷ್ಟು ಎತ್ತರ ಮತ್ತು ದೂರವನ್ನು ಸದಾ ಲೆಕ್ಕದಲ್ಲಿಟ್ಟುಕೊಂಡಿರುತ್ತಾನೆ. ಮುಂದೆ ನಿಮಗೆ ಎಲ್ಲಾದರೂ ಇಂಥ ಅವಕಾಶ ಸಿಕ್ಕರೆ ಮೊದಲು ಕೇಳಬೇಕಾದದ್ದು ಫೋಟೋ ತೆಗೆಯಬಹುದೇ ಎಂದಲ್ಲ. ಚಾಲಕನಿಗೆ ಪರವಾನಗಿ ಇದೆಯೇ, ಲೈಫ್ ಜಾಕೆಟ್ ಇದೆಯೇ ಎಂದು ಕೇಳಿ.

ಈಗ ಹಿಂದಿನ ಬೆಂಚಿನ ಪ್ರಶ್ನೆ: "ಸರ್, ನೀವು?" ದೊಡ್ಡ ವಿಮಾನದಲ್ಲಿ ನಾನು ಇವತ್ತಿನವರೆಗೂ ಕುಳಿತಿಲ್ಲ. ಆದರೆ 2011ರಲ್ಲಿ, ಬಿ.ಎಡ್. ಓದುತ್ತಿದ್ದಾಗ, ಜಕ್ಕೂರಿನಲ್ಲಿ ಒಮ್ಮೆ ಹಾರಿದ್ದೇನೆ. ನಮ್ಮ ಊರಿನಿಂದ ಬಳ್ಳಾರಿ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿದೆ ಜಕ್ಕೂರು. ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರು ಕೊಟ್ಟ ಭೂಮಿಯಲ್ಲಿ 1940ರ ದಶಕದ ಕೊನೆಯಲ್ಲಿ ಅಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಆರಂಭವಾಯಿತು. ನಾನು ಹೋದ ಕಾಲದಲ್ಲಿ ಆ ಮೈದಾನದಿಂದ ಮೈಕ್ರೋಲೈಟ್ ಎಂಬ ಹಗುರ ವಿಮಾನಗಳಲ್ಲಿ ಸಾರ್ವಜನಿಕರನ್ನೂ ಕರೆದೊಯ್ಯುತ್ತಿದ್ದರು. ಅದು ಗೈರೋಪ್ಲೇನ್ ಅಲ್ಲ. ಬಟ್ಟೆಯ ತ್ರಿಕೋನ ರೆಕ್ಕೆ, ಅದರ ಕೆಳಗೆ ತೂಗುವ ಮೂರು ಗಾಲಿಯ ಬಂಡಿ. ಆದರೆ ಬಯಲು ಆಸನ, ಬೆನ್ನ ಹಿಂದೆ ಎಂಜಿನ್, ಎದೆಗೆ ಗಾಳಿ, ಇದೆಲ್ಲ ಒಂದೇ.

ಸ್ನೇಹಿತನೊಬ್ಬ ದುಡ್ಡು ಕೊಟ್ಟು, ಕೊನೆಯ ಗಳಿಗೆಯಲ್ಲಿ ಹೆದರಿ, ತನ್ನ ಸರದಿಯನ್ನು ನನಗೆ ದಾಟಿಸಿದ. ನನ್ನ ಅಮ್ಮಿಗೆ ಹೇಳಿರಲಿಲ್ಲ. ಹೇಳಿದ್ದರೆ "ಬೇಟಾ, ನೆಲದ ಮೇಲೆ ನಡೆಯೋದು ಕಲಿ ಮೊದಲು" ಎನ್ನುತ್ತಿದ್ದರು. ಬೆಳಗಿನ ಏಳು ಗಂಟೆ. ಹೆಲ್ಮೆಟ್ ಹಾಕಿ ಬೆಲ್ಟ್ ಬಿಗಿದರು. ಬಂಡಿ ರನ್‌ವೇ ಮೇಲೆ ಕುಲುಕುತ್ತಾ ಓಡಿ, ಒಮ್ಮೆಲೆ ಆ ಕುಲುಕಾಟ ನಿಂತಿತು. ನೆಲ ಬಿಟ್ಟೆವು ಎಂದು ಗೊತ್ತಾಗಿದ್ದು ಕಣ್ಣಿನಿಂದಲ್ಲ, ಬೆನ್ನಿನಿಂದ. ನಾನು ಎರಡು ಕೈಯಲ್ಲೂ ಪಕ್ಕದ ಕೊಳವೆಯನ್ನು ಹಿಡಿದು ಕಣ್ಣು ಮುಚ್ಚಿಕೊಂಡಿದ್ದೆ.

ಕಣ್ಣು ಬಿಟ್ಟಾಗ ಕೆಳಗೆ ಜಕ್ಕೂರಿನ ಕೆರೆ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಪಶ್ಚಿಮಕ್ಕೆ ಕೃಷಿ ವಿಶ್ವವಿದ್ಯಾನಿಲಯದ ಹಸಿರು, ಆಚೆ ಯಲಹಂಕದ ಕೆರೆ, ಉತ್ತರಕ್ಕೆ ಮಂಜಿನೊಳಗೆ ನಂದಿಬೆಟ್ಟ. ಕೆರೆಗಳನ್ನು ನಾನು ಬಿಡಿಬಿಡಿಯಾಗಿ ನೋಡಿದ್ದೆ. ಮೇಲಿನಿಂದ ನೋಡಿದಾಗ ಒಂದು ಕೆರೆಯ ಕೋಡಿಯಿಂದ ಇನ್ನೊಂದು ಕೆರೆಗೆ ಹೋಗುವ ತಗ್ಗು ಕಾಣಿಸಿತು. ಹಿಂದಿನವರು ಅವನ್ನು ಮಣಿಸರದಂತೆ ಪೋಣಿಸಿದ್ದರು. ಕೆಲವು ಕಡೆ ಆ ತಗ್ಗಿನ ಮೇಲೆಯೇ ಮನೆಗಳು ಎದ್ದಿದ್ದವು. ಮಳೆಗಾಲದಲ್ಲಿ ಆ ಬಡಾವಣೆಗಳಿಗೆ ಯಾಕೆ ನೀರು ನುಗ್ಗುತ್ತದೆ ಎಂದು ಆವತ್ತು ಯಾರೂ ಹೇಳದೆಯೇ ನನಗೆ ಅರ್ಥವಾಯಿತು.

ಇಳಿಯುವ ಮೊದಲು ಒಂದು ಘಟನೆ ನಡೆಯಿತು. ಎಂಜಿನ್ ಸದ್ದು ಇದ್ದಕ್ಕಿದ್ದಂತೆ ತಗ್ಗಿಬಿಟ್ಟಿತು. ನಾನು ಕಲಿಮಾ ಹೇಳಿಕೊಂಡೆ. ಚಾಲಕರು ತಿರುಗಿ ನೋಡಿ ನಗುತ್ತಾ ಕೂಗಿದರು: "ನಾನೇ ಕಡಿಮೆ ಮಾಡಿದ್ದು. ಈಗ ನಮ್ಮನ್ನು ಹಿಡಿದಿರೋದು ರೆಕ್ಕೆ, ಎಂಜಿನ್ ಅಲ್ಲ." ಆ ಮಾತು ಕೇಳಿದ ಮೇಲೆ ನನ್ನ ಕೈ ಸಡಿಲವಾಯಿತು. ಗಾಳಿಯೂ ಅದೇ, ಎತ್ತರವೂ ಅದೇ. ನನ್ನನ್ನು ಹಿಡಿದಿರುವುದು ಯಾವುದು ಎಂದು ನನಗೆ ತಿಳಿದಿತ್ತು, ಅಷ್ಟೇ ಬದಲಾವಣೆ.

ಮಕ್ಕಳೆ, ನಮ್ಮ ಕರ್ನಾಟಕದ ಕರಾವಳಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು ಉದ್ದವಿದೆ. ಅಂಥದೊಂದು ಬಯಲು ಆಸನದಿಂದ ಅದನ್ನು ನೋಡಿದರೆ ಏನೇನು ಕಾಣಬಹುದು ಎಂದು ನಕ್ಷೆ ಹಿಡಿದು ಯೋಚಿಸಿ. ಕಾರವಾರದಲ್ಲಿ ಕಾಳಿ, ಹೊನ್ನಾವರದಲ್ಲಿ ಶರಾವತಿ, ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಅಳಿವೆಗಳು. ಮಳೆಗಾಲ ಕಳೆದ ಮೇಲೆ ನದಿಯ ಕೆಂಪು ನೀರು ಕಡಲ ನೀಲಿಗೆ ಕೂಡುವ ಗೆರೆ. ಮಲ್ಪೆಯ ಆಚೆ ಸೇಂಟ್ ಮೇರೀಸ್ ದ್ವೀಪಗಳು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿದು ಕಂಬಗಳಾಗಿ ಸೀಳಿದ ಕಲ್ಲುಗಳು ಅಲ್ಲಿವೆ. ಕಡಲ್ಕೊರೆತ ತಡೆಯಲು ಒಡ್ಡಿದ ಕಲ್ಲಿನ ಗೋಡೆಗಳೂ ಕಾಣುತ್ತವೆ. ಮತ್ತು ಮರವಂತೆಯಲ್ಲಿ, ಕಡಲ ಪಕ್ಕಕ್ಕೆ ಬಂದು, ಸೇರದೆ ತಿರುಗಿ, ತನ್ನ ಜೊತೆಯವರನ್ನು ಹುಡುಕಿಕೊಂಡು ಗಂಗೊಳ್ಳಿಗೆ ಹೋಗುವ ಆ ನದಿ.

ಉರ್ದುವಿನಲ್ಲಿ ವಿಮಾನಕ್ಕೆ ಹವಾಯಿ ಜಹಾಜ್ ಎನ್ನುತ್ತೇವೆ, ಗಾಳಿಯ ಹಡಗು. ಮರವಂತೆಯಿಂದ ಬಂದ ಮೇಲೆ ಆ ಹುಡುಗಿ ನನ್ನ ನೋಟ್ಸಿನ ಅಂಚಿನಲ್ಲಿ ಆ ಪದದ ಪಕ್ಕ ಒಂದು ಗೈರೋಪ್ಲೇನಿನ ಚಿತ್ರ ಬರೆದಳು. ಅಲಗಿನ ಬುಡದಲ್ಲಿ ಕೀಲನ್ನೂ ಬಿಡಿಸಿದ್ದಳು. ನಾನು ಸಂತೋಷಪಟ್ಟು, "ಹತ್ತು ಮುಗಿದ ಮೇಲೆ ಸೈನ್ಸ್ ತಗೋ" ಎಂದೆ. ಅವಳು ತಲೆ ತಗ್ಗಿಸಿ ಹೇಳಿದಳು: "ಇಲ್ಲ ಸರ್, ಆರ್ಟ್ಸ್. ಸೈನ್ಸ್ ತಗೊಂಡ್ರೆ ಫೇಲಾಗ್ತೀನಿ ಅಂತ ಭಯ. ಮನೇಲೂ ಬೇಡ ಅಂತಾರೆ, ಟ್ಯೂಷನ್ನಿಗೆ ದುಡ್ಡು ಎಲ್ಲಿಂದ ತರೋದು?"

ಆರ್ಟ್ಸ್ ಕೀಳಲ್ಲ. ನಾನೇ ಆರ್ಟ್ಸ್ ಓದಿದವನು. ಆದರೆ ಇಷ್ಟದಿಂದ ಆರ್ಟ್ಸ್ ತೆಗೆದುಕೊಳ್ಳುವುದು ಬೇರೆ, ಹೆದರಿ ಸೈನ್ಸ್ ಬಿಡುವುದು ಬೇರೆ. ಪೈಲಟ್ ಆಗಬೇಕಾದರೆ ಇದುವರೆಗಿನ ನಿಯಮದಂತೆ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಬೇಕು. ವಾಣಿಜ್ಯ ಪೈಲಟ್ ಪರವಾನಗಿಗೆ 18 ವರ್ಷ ತುಂಬಿರಬೇಕು, 200 ಗಂಟೆ ಹಾರಿರಬೇಕು. ಅದಕ್ಕೆ ಲಕ್ಷಾಂತರ ರೂಪಾಯಿ ಖರ್ಚು. ಎಲ್ಲರೂ ಪೈಲಟ್ ಆಗಿ ಎಂದು ನಾನು ಹೇಳುವುದಿಲ್ಲ. ವಿಮಾನ ದುರಸ್ತಿ ಮಾಡುವ ಎಂಜಿನಿಯರುಗಳಿದ್ದಾರೆ, ಹವಾಮಾನ ನೋಡುವವರಿದ್ದಾರೆ, ವಿಮಾನಗಳಿಗೆ ದಾರಿ ಹೇಳುವ ನಿಯಂತ್ರಕರಿದ್ದಾರೆ. ಈ ಕೆಲಸಗಳೆಲ್ಲ ನಮ್ಮ ಮನೆಯಿಂದ ಕೂಗಳತೆಯಲ್ಲಿ ನಡೆಯುತ್ತಿವೆ. ಅಲ್ಲಿಗೆ ನಮ್ಮ ಮಕ್ಕಳು ಟ್ಯಾಕ್ಸಿ ಓಡಿಸಲು, ನೆಲ ಒರೆಸಲು ಮಾತ್ರ ಹೋಗಬೇಕೇ? ಆ ಕೆಲಸಗಳಿಗೂ ಮರ್ಯಾದೆ ಇದೆ. ಆದರೆ ಆಯ್ಕೆ ಮಾಡುವ ಅವಕಾಶವೂ ಇರಬೇಕು.

ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ನಾನು ಯಾರಿಗೂ ವಿಮಾನದ ಟಿಕೆಟ್ ಕೊಡಿಸಿ ಎಂದು ಕೇಳುತ್ತಿಲ್ಲ. ನಮ್ಮ ಸಂಘದ ಕಚೇರಿಯ ಮೇಲಿನ ಕೋಣೆ ಸಂಜೆ ಹೊತ್ತು ಖಾಲಿ ಇರುತ್ತದೆ. ಹತ್ತನೆಯ ತರಗತಿ ಮತ್ತು ಪಿಯುಸಿ ಮಕ್ಕಳಿಗಾಗಿ ವಾರಕ್ಕೆ ನಾಲ್ಕು ಸಂಜೆ ಅಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಪಾಠ ನಡೆಯಲಿ. ಕಲಿಸಲು ಇಬ್ಬರು ಪದವೀಧರರು ಒಪ್ಪಿದ್ದಾರೆ. ಅವರಿಗೆ ಗೌರವಧನ, ಮಕ್ಕಳಿಗೆ ಪುಸ್ತಕ, ಒಂದು ಕಪ್ಪುಹಲಗೆ, ಇಷ್ಟು ಸಂಘದಿಂದ ಆಗಲಿ. ಕನ್ನಡದಲ್ಲಿ ಓದಿ ಬಂದ ಮಕ್ಕಳೂ ಇರುತ್ತಾರೆ, ಉರ್ದುವಿನಲ್ಲಿ ಓದಿ ಬಂದವರೂ ಇರುತ್ತಾರೆ. ಪಿಯುಸಿಯ ಇಂಗ್ಲಿಷ್ ಪುಸ್ತಕದ ಪದಗಳನ್ನು ಎರಡೂ ಭಾಷೆಯಲ್ಲಿ ಬಿಡಿಸಿ ಹೇಳುವ ಕೆಲಸ ನನ್ನದು. ಅದಕ್ಕೆ ನನಗೆ ಗೌರವಧನ ಬೇಡ.

ಪೋಷಕರೆ, ನನ್ನ ಅಮ್ಮಿಗೆ ಆ ದಿನ ಸಂಜೆ ವಿಷಯ ಗೊತ್ತಾಯಿತು. ಮೊದಲು ಬೈದರು. ಆಮೇಲೆ ಊಟ ಬಡಿಸುತ್ತಾ, "ಮೇಲಿಂದ ನಮ್ಮ ಕಡೆ ಹೇಗೆ ಕಾಣುತ್ತೆ?" ಎಂದು ಕೇಳಿದರು. ನಾನು ಕೆರೆಗಳ ಬಗ್ಗೆ ಹೇಳುತ್ತಾ ಹೋದೆ. ಅವರು ಬಡಿಸುವುದನ್ನು ಮರೆತು ಕೇಳುತ್ತಾ ಕುಳಿತರು. ನಿಮ್ಮ ಮಗಳು ಸೈನ್ಸ್ ಓದುತ್ತೇನೆ ಎಂದರೆ ನೀವೂ ಮೊದಲು ಬೈಯಬಹುದು, ಅದು ಪ್ರೀತಿ. ಆದರೆ ಬೈದ ಮೇಲೆ ಒಮ್ಮೆ ಹತ್ತಿರ ಕೂರಿಸಿಕೊಂಡು ಕೇಳಿ.

ಆ ಹುಡುಗಿಗೂ ಒಂದು ಮಾತು. ಫೇಲಾಗುವ ಭಯ ನಿನಗೊಬ್ಬಳಿಗೇ ಇರುವುದಲ್ಲ. ನಿನ್ನ ಮೇಷ್ಟ್ರು ಜಕ್ಕೂರಿನಲ್ಲಿ ಕಣ್ಣು ಮುಚ್ಚಿಕೊಂಡು ಕುಳಿತಿದ್ದರು. ಫಲಿತಾಂಶ ಬರಲಿ. ಪಿಯುಸಿ ಅರ್ಜಿ ತುಂಬುವ ಮೊದಲು ಒಂದು ವಾರ ಆ ಸಂಜೆಯ ಪಾಠಕ್ಕೆ ಬಂದು ಕುಳಿತುಕೋ. ಆಮೇಲೆ ನಿರ್ಧಾರ ನಿನ್ನದು. ನೀನು ಏನೇ ಆರಿಸಿಕೊಂಡರೂ ನಾನು ಸಹಿ ಹಾಕುತ್ತೇನೆ.

ನಾನು ಮಾತನಾಡುವಾಗ ನಡುವೆ ಮೂರು ವಿಮಾನಗಳು ಹೋದವು. ಮೂರು ಸಲವೂ ಹೊರಗೆ ನೋಡಿದ ಮಕ್ಕಳ ಮೇಲೆ ನನಗೆ ಕೋಪವಿಲ್ಲ.